ಗಾಳಿಗೆ ಬೆನ್ನು ಕೊಟ್ಟ ಡೇರೆ

ಸೊಸ್ನೊವೆಟ್ಸ್, ಪೇಯ್ಪುಸ್ ಸರೋವರದ ಪೂರ್ವ ದಡ, ರಷ್ಯಾ
14 ಜನವರಿ 1997

ಡೇರೆಯ ಯಜಮಾನರಿಗೆ,

ನಿಮ್ಮ ಡೇರೆ ಸುಖವಾಗಿ ನಮ್ಮ ದೇಶಕ್ಕೆ ಬಂದು ಸೇರಿದೆ. ವೀಸಾ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಶುಕ್ರವಾರದ ಬಿರುಗಾಳಿಯ ಮರುದಿನ ನಾನು ಮೀನಿಗೆಂದು ಹೊರಟೆ. ಗಡಿಯಿಂದ ಈಚೆಗೆ ಮಂಜುಗಡ್ಡೆ ಒಡೆದು ಒಂದರ ಮೇಲೊಂದು ಏರಿ ನಿಂತ ದಿಬ್ಬವಿದೆಯಲ್ಲ, ಅದರ ಸಂದಿಯಲ್ಲಿ ಏನೋ ಹಸಿರು ಪಟಪಟ ಬಡಿದುಕೊಳ್ಳುತ್ತಿತ್ತು. ಯಾರೋ ಮನುಷ್ಯ ಬಿದ್ದಿದ್ದಾನೆ ಅಂದುಕೊಂಡು ಓಡಿದೆ. ಹತ್ತಿರ ಹೋಗಿ ನೋಡಿದರೆ ಮೀನುಗಾರರ ಡೇರೆ. ಒಳಗೆ ಯಾರೂ ಇಲ್ಲ. ಸುತ್ತ ಹುಡುಕಿದೆ, ಅಲ್ಲೂ ಯಾರೂ ಇಲ್ಲ. ಅದಕ್ಕೇ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನೀವು ಬದುಕಿದ್ದೀರಾ? ಬದುಕಿದ್ದರೆ ಎರಡು ಗೆರೆ ಬರೆಯಿರಿ.

ಕೆಳಗಿನ ಮೂಲೆಯಲ್ಲಿ ಕೆಂಪು ದಾರದಲ್ಲಿ ‘ಉ. ಕಾ., ಲಿಪೊವ್ಕಾ’ ಎಂದು ಹೊಲಿದಿದೆ. ಎಸ್ಟೋನಿಯಾದ ದಡದ ಲಿಪೊವ್ಕಾ ನನಗೆ ಗೊತ್ತು. ಈ ಗಡಿ ಎಳೆಯುವ ಮುಂಚೆ ಆಗಿದ್ದರೆ ಇದನ್ನು ಜಾರುಬಂಡಿಗೆ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೇ ಬಂದು ಕೊಡುತ್ತಿದ್ದೆ, ಚಹಾ ಕುಡಿದು ಮರಳುತ್ತಿದ್ದೆ. ನಿಮ್ಮೂರಿನ ಹಳೆ ಸಂಪ್ರದಾಯದವರು ಹೊರಗಿನವರಿಗೆ ಬೇರೆ ಬಟ್ಟಲು ಇಡುತ್ತಾರೆ ಅಂತ ಬಲ್ಲೆ. ಆ ಬಟ್ಟಲಲ್ಲೇ ಕುಡಿಯುತ್ತಿದ್ದೆ. ಈಗ ಒಂದೇ ನೀರಿನ ನಡುವೆ ಎರಡು ದೇಶ, ಏನು ಮಾಡುವುದು.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೊಲಿಗೆ ಬಲ್ಲವರ ಕೈಯದು. ಕಟ್ಟಿದ್ದು ಮಾತ್ರ ಗಾಳಿ ಅಂದರೇನೆಂದು ತಿಳಿಯದವರು.

ಪ್ರೋಖರ್ ಯೆಗೋರಿಚ್
(ಹಿಂದೆ ಮೀನುಗಾರರ ಸಂಘದ ದೋಣಿಗಳ ಮೆಕ್ಯಾನಿಕ್, ಈಗ ಪಿಂಚಣಿಯ ಮೇಲೆ)


ಲಿಪೊವ್ಕಾ, ಪಶ್ಚಿಮ ದಡ, ಎಸ್ಟೋನಿಯಾ
27 ಜನವರಿ 1997

ಪ್ರೋಖರ್ ಯೆಗೋರಿಚ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಯಾರೂ ಸತ್ತಿಲ್ಲ. ಉ. ಕಾ. ಅಂದರೆ ಉಲ್ಯಾನಾ ಕಾರ್ಪೊವ್ನಾ, ಅಂದರೆ ನಾನು. ಡೇರೆ ಹೊಲಿದವಳು ನಾನು, ಒಯ್ದವರು ನನ್ನ ಗಂಡ ಲವ್ರೆಂತಿ. ಅವರಿಗೆ ನೆಗಡಿಯಾಗಿದೆ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಅವರು ನಲವತ್ತು ಚಳಿಗಾಲ ಈ ಮಂಜುಗಡ್ಡೆಯ ಮೇಲೆ ಕೂತವರು. ಗಾಳಿಯ ಪಾಠ ಅವರಿಗೆ ಆಚೆ ದಡದಿಂದ ಬರಬೇಕಾಗಿಲ್ಲ.

ನನಗೆ ಎರಡು ವಿಷಯ ಬೇಕು. ಬಿಟ್ಟುಕೊಂಡದ್ದು ಯಾವ ಹೊಲಿಗೆ? ಇದ್ದದ್ದನ್ನು ಮರೆಮಾಚದೆ ಬರೆಯಿರಿ. ನಮ್ಮೂರಿನ ಅರ್ಧ ಡೇರೆಗಳು ನನ್ನ ಕೈಯವು. ಆ ಶುಕ್ರವಾರದಿಂದ ಬಾವಿಕಟ್ಟೆಯಲ್ಲಿ ಗಂಡಸರಿಗೆ ಒಂದೇ ಮಾತು. “ಉಲ್ಯಾನಾ ಹತ್ರ ಹೊಲಿಸ್ಕೊಂಡ್ರೆ ಟಿಕೆಟ್ ಇಲ್ದೆ ರಷ್ಯಾ ನೋಡ್ಬೋದು ಕಣ್ರಯ್ಯಾ.” ನಗಲಿ. ನನ್ನ ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಾಗಬೇಕು.

ಎರಡನೆಯದು, ಡೇರೆಯ ಒಳಗೆ ಏನಾದರೂ ಉಳಿದಿತ್ತೇ? ಜೇಬುಗಳನ್ನೂ ನೋಡಿ ತಿಳಿಸಿ.

ಉಲ್ಯಾನಾ ಕಾರ್ಪೊವ್ನಾ


ಸೊಸ್ನೊವೆಟ್ಸ್
6 ಫೆಬ್ರವರಿ 1997

ಗೌರವಾನ್ವಿತ ಉಲ್ಯಾನಾ ಕಾರ್ಪೊವ್ನಾ ಅವರಿಗೆ,

ಹೊಲಿದದ್ದು ಹೆಣ್ಣುಮಗಳು ಎಂದು ತಿಳಿದ ಮೇಲೆ ನನ್ನ ಹೆಂಡತಿ ಜೋಯಾ ನನ್ನ ಜೀವ ತಿಂದಿದ್ದಾಳೆ. “ನಾನು ಅವತ್ತೇ ಹೇಳ್ಲಿಲ್ವಾ? ಗಂಡಸು ಯಾವನಾದ್ರೂ ದಾರದ ಗಂಟನ್ನ ಇಷ್ಟು ನೀಟಾಗಿ ಒಳಗೆ ಮುಚ್ಚಿರೋದು ನೋಡಿದೀಯಾ ನೀನು?” ನೋಡಿಲ್ಲ, ಒಪ್ಪಿಕೊಂಡೆ.

ಊಟದ ಮೇಜು ಬದಿಗೆ ಸರಿಸಿ ಡೇರೆಯನ್ನು ನೆಲಕ್ಕೆ ಹಾಸಿದೆವು. ಇಬ್ಬರೂ ಮಂಡಿಯೂರಿ ಅಂಗುಲ ಅಂಗುಲ ನೋಡಿದೆವು. ಒಂದೇ ಒಂದು ಹೊಲಿಗೆ ಬಿಟ್ಟಿಲ್ಲ. ಅಂಚು ಮಡಚಿ ಎರಡು ಸಾಲು, ಮೇಣ ತಿಕ್ಕಿದ ದಾರ, ಕುಣಿಕೆ ಇರುವಲ್ಲೆಲ್ಲ ಒಳಗಿನಿಂದ ತೊಗಲಿನ ತೇಪೆ. ಅದು ಹಳೆ ಬೂಟಿನ ತೊಗಲು ತಾನೇ? ಅಷ್ಟು ದೂರ ಮಂಜುಗಡ್ಡೆಯ ಮೇಲೆ ಉಜ್ಜಿಕೊಂಡು ಬಂದು ಟಾರ್ಪಾಲು ಎರಡು ಕಡೆ ಸವೆದು ತೂತಾಗಿದೆ. ತೂತಿನ ಪಕ್ಕದ ಹೊಲಿಗೆ ಹೊಸದರ ಹಾಗೇ ಇದೆ. ಎಂಜಿನ್ ಬಿಚ್ಚಿ ಕೂಡಿಸುತ್ತಲೇ ಕೂದಲು ನೆರೆದವನು ನಾನು, ಒಳ್ಳೆಯ ಕೆಲಸ ಕಂಡರೆ ಗುರುತು ಸಿಗುತ್ತದೆ. ಇಂಥ ಕೈಗೆ ನಾನು ಟೋಪಿ ತೆಗೆಯುತ್ತೇನೆ. ಈ ಸಾಲುಗಳನ್ನು ನಿಮ್ಮ ಬಾವಿಕಟ್ಟೆಯ ಗಂಡಸರಿಗೆ ಓದಿ ಹೇಳಿ.

ಹಾಗಾದರೆ ಹಾರಿದ್ದು ಯಾಕೆ? ಮಂಜುಗಡ್ಡೆಗೆ ತಿರುಗಿಸಿ ಇಳಿಸುವ ತಿರುಪಿನ ಗೂಟಗಳಲ್ಲಿ ಮೂರು ಇನ್ನೂ ಕುಣಿಕೆಗೆ ನೇತಾಡುತ್ತಿದ್ದವು, ಬೇರುಸಮೇತ ಕಿತ್ತು ಬಂದಿವೆ. ಅದು ಹೊಲಿದವರ ತಪ್ಪಲ್ಲ, ಕಟ್ಟಿದವರದು. ನಲವತ್ತು ಚಳಿಗಾಲ ಅಂದಿರಿ. ಡೇರೆಯನ್ನು ಗಾಳಿಗೆ ಬಿಟ್ಟು, ತಾನು ಬೆಚ್ಚಗೆ ಹೊದ್ದು ಮಲಗಿ, ಹೆಂಡತಿಯ ಕೈಲಿ ಕಾಗದ ಬರೆಸುವ ಗಂಡಸನ್ನು ನಾನಂತೂ ಕಂಡಿರಲಿಲ್ಲ. ಇಷ್ಟು ದಿನ ಇರುವ ನೆಗಡಿಯನ್ನೂ ಕಂಡಿರಲಿಲ್ಲ.

ಒಳಗೆ ಥರ್ಮಾಸಿನ ಮುಚ್ಚಳ ಇತ್ತು. ಕಾಗದದಲ್ಲಿ ಬರೆಯುವಂಥದ್ದು ಬೇರೇನೂ ಇಲ್ಲ.

ಪ್ರೋಖರ್ ಯೆಗೋರಿಚ್


ಲಿಪೊವ್ಕಾ
17 ಫೆಬ್ರವರಿ 1997

ಪ್ರೋಖರ್ ಯೆಗೋರಿಚ್,

ನನ್ನ ಗಂಡನಿಗೆ ನೆಗಡಿಯಿಲ್ಲ. ಗೊತ್ತಿಲ್ಲದವರಿಗೆ ಮನೆಯ ವಿಷಯ ಯಾಕೆ ಎಂದು ಹಾಗೆ ಬರೆದೆ. ನೀವು ಕೆಣಕಿದ್ದೀರಿ, ಕೇಳಿಸಿಕೊಳ್ಳಿ.

ಆ ಡೇರೆಯನ್ನು ನಾನು ಹೊಲಿದದ್ದು ಈ ಶರತ್ಕಾಲದಲ್ಲಿ, ಅವರಿಗೆಂದೇ. ಅದಕ್ಕೆ ಮುಂಚೆ ಅವರು ಮೂರು ಕಡೆ ಟಾರ್ಪಾಲು ಮರೆ ಕಟ್ಟಿಕೊಂಡು ಕೂರುತ್ತಿದ್ದರು, ಬೆನ್ನು ನೋಯುತ್ತಿತ್ತು. ಇದು ನಾಲ್ಕು ಗೋಡೆಯದು, ಬಾಗಿಲಿನದು. ಒಳಗೆ ಒಂದು ಜೇಬು ಇಟ್ಟೆ. ಅದರಲ್ಲಿ ನಿಕೋಲಾ ಸಂತನ ಪಟ. ಹಿತ್ತಾಳೆಯಲ್ಲಿ ಎರಕ ಹೊಯ್ದದ್ದು, ಅಂಗೈಯಷ್ಟೇ ಇದೆ, ಅವರ ತಂದೆಯದು. ನೀರಿಗೆ ಇಳಿಯುವವರನ್ನು ಕಾಯುವವನು ನಿಕೋಲಾ. ನಮ್ಮೂರಿನ ಉಳಿದವರಿಗೆ ಕೊರಳಿನ ಶಿಲುಬೆ ಸಾಕು. ಲವ್ರೆಂತಿ ಮಾತ್ರ ನಿಕೋಲಾ ಇಲ್ಲದೆ ಒಂದು ದಿನವೂ ಮಂಜುಗಡ್ಡೆಗೆ ಕಾಲಿಟ್ಟವರಲ್ಲ.

ಆ ಶುಕ್ರವಾರ ಬೆಳಿಗ್ಗೆ ಎಲೆ ಅಲ್ಲಾಡುವಷ್ಟೂ ಗಾಳಿಯಿರಲಿಲ್ಲ. ಮಧ್ಯಾಹ್ನ ಪಡುವಣದಿಂದ ಬೀಸತೊಡಗಿತು. ಎಷ್ಟಿದೆ ನೋಡೋಣವೆಂದು ಅವರು ಬಾಗಿಲು ಸರಿಸಿದ್ದಷ್ಟೇ, ಡೇರೆ ಉಬ್ಬಿ ಮೇಲೆದ್ದಿತು. ಹಗ್ಗ ಹಿಡಿದು ನೇತುಬಿದ್ದರು. ಅದು ಇವರನ್ನೂ ಎಳೆದುಕೊಂಡು ಹೋಯಿತು, ಎರಡೂ ಅಂಗೈಯ ಚರ್ಮ ಕಿತ್ತ ಮೇಲೇ ಬಿಟ್ಟರು. ಬರಿತಲೆಯಲ್ಲಿ ನಡೆದು ಮನೆಗೆ ಬಂದರು. ಕೈಗೆ ಬಾತುಕೋಳಿಯ ಕೊಬ್ಬು ಹಚ್ಚುತ್ತಾ ನಾನು, “ಹೋದ್ರೆ ಹೋಯ್ತು ಬಿಡಿ, ಇನ್ನೊಂದು ಹೊಲೀತೀನಿ” ಅಂದೆ.

“ಡೇರೆ ಅಲ್ಲ ಕಣೇ” ಅಂದರು. “ನಿಕೋಲಾ ನನ್ನ ಬಿಟ್ಟು ಹೋದ. ನನ್ನ ಕೈಯಿಂದ್ಲೇ ಕಿತ್ಕೊಂಡು ಹೋದ.”

ದೊಡ್ಡ ಒಲೆಯ ಮೇಲೆ ಮಲಗಲೆಂದು ಕಟ್ಟಿದ ಹಾಸುಗಟ್ಟೆ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿದವರು ಈಗ ಊಟಕ್ಕಷ್ಟೇ ಇಳಿಯುತ್ತಾರೆ. ಪ್ರಾರ್ಥನಾ ಮಂದಿರಕ್ಕೂ ಹೋಗುತ್ತಿಲ್ಲ. ಕರೆದರೆ, “ಬೇಡ ಅಂದವನ ಮುಂದೆ ಯಾವ ಮುಖ ಹೊತ್ಕೊಂಡು ನಿಲ್ಲಲಿ?” ಅನ್ನುತ್ತಾರೆ. ಕಿಟಕಿಯಿಂದ ಮಂಜುಗಡ್ಡೆ ಕಾಣುತ್ತದೆಂದು ಆ ಕಡೆ ಕೂರುವುದನ್ನೂ ಬಿಟ್ಟಿದ್ದಾರೆ. ನಾನು ಬೆಚ್ಚಗೆ ಹೊದಿಸಿದ್ದು ನಿಜ, ನೀವು ಹೇಳಿದ ಹಾಗೆ.

ಜೇಬು ಇನ್ನೂ ಗಟ್ಟಿಯಿದ್ದರೆ ಅವನು ಅದರೊಳಗೇ ಇರಬಹುದು ಅಂದುಕೊಂಡಿದ್ದೆ. ಅದಕ್ಕೇ ಕೇಳಿದೆ. ಬರೆಯುವಂಥದ್ದು ಏನೂ ಇಲ್ಲ ಅಂದಿರಿ. ಆಯಿತು. ಡೇರೆ ನೀವೇ ಇಟ್ಟುಕೊಳ್ಳಿ. ಇನ್ನು ಬರೆಯಬೇಡಿ.

ಉ. ಕಾ.


ಸೊಸ್ನೊವೆಟ್ಸ್
27 ಫೆಬ್ರವರಿ 1997

ಉಲ್ಯಾನಾ ಕಾರ್ಪೊವ್ನಾ ಅವರಿಗೆ,

ಬರೆಯಬೇಡಿ ಎಂದಿದ್ದೀರಿ. ಇದೊಂದನ್ನು ಓದಿ, ಆಮೇಲೆ ಒಲೆಗೆ ಹಾಕಿ.

ನಿಕೋಲಾ ಇಲ್ಲಿದ್ದಾನೆ.

ಬಾಗಿಲಿನ ಎದುರು ಗೋಡೆಯ ನಟ್ಟನಡುವೆ, ಮೂರು ಗುಂಡಿಯ ಜೇಬಿನಲ್ಲಿ, ಒಂದು ಗೀರೂ ಇಲ್ಲದೆ ಕೂತಿದ್ದ. ಮೊದಲ ದಿನವೇ ಸಿಕ್ಕಿದ. ಬರೆಯಲಿಲ್ಲ ಯಾಕೆಂದರೆ ನನಗೆ ಹೆದರಿಕೆ. ಹಳೆ ಹಿತ್ತಾಳೆ ಪಟಗಳನ್ನು ಗಡಿ ದಾಟಿಸುವವರನ್ನು ಹುಡುಕಿ ಹಿಡಿಯುತ್ತಿರುವ ಕಾಲ ಇದು. ಕಾಗದವನ್ನು ದಾರಿಯಲ್ಲಿ ಯಾರಾದರೂ ಒಡೆದು ಓದಿದರೆ ಮನೆಗೇ ಬಂದಾರು ಅಂದುಕೊಂಡೆ. ನೀವೂ ಜೇಬು ಅಂದಿರೇ ಹೊರತು ಪಟ ಅನ್ನಲಿಲ್ಲ, ನಿಮಗೂ ಅದೇ ಹೆದರಿಕೆ ಅಂತ ತಿಳಿದೆ. ಈಗ ಓದುವವರು ಓದಲಿ, ನನಗೇನೂ ಆಗಬೇಕಾಗಿಲ್ಲ. ಜೋಯಾ ಅವನನ್ನು ಕಪಾಟಿನ ಮೇಲೆ, ರೇಡಿಯೋ ಮತ್ತು ಹೂವಿನ ಕುಂಡದ ಮಧ್ಯೆ ಇಟ್ಟಿದ್ದಾಳೆ. ನಾನು ದೇವರ ಗೊಡವೆಗೆ ಹೋದವನಲ್ಲ, ಆದರೂ ಈಚೆಗೆ ಅವನ ಮುಂದೆ ಬೈಗುಳ ಬಾಯಿಗೆ ಬರುವುದಿಲ್ಲ.

ನಿಮ್ಮ ಕಾಗದ ಓದಿ ಜೋಯಾ ಅದನ್ನು ನನ್ನ ಮುಂದೆ ಮೇಜಿನ ಮೇಲೆ ಕುಕ್ಕಿದಳು. ಆಮೇಲೆ, “ಗಾಯದ ಮೇಲೆ ಉಪ್ಪು ಹಾಕ್ದೆ ನೋಡು, ಈಗ ಹೋಗಿ ಏನಾದ್ರೂ ಉಪಯೋಗಕ್ಕೆ ಬರೋ ಕೆಲಸ ಮಾಡು” ಅಂದಳು. ಅವಳು ಹೇಳಿದ್ದು ಸರಿ. ಲವ್ರೆಂತಿಯವರಿಗೆ ನಾನು ಅಂದ ಮಾತಿಗೆ ನಾಚಿಕೆಯಾಗುತ್ತಿದೆ.

ಹೋಗಿ ಮಾಡಿದ ಕೆಲಸ ಇದು. ಗಾಳಿ ಜೋರಾದ ದಿನ ನೋಡಿ, ತೂತುಗಳಿಗೆ ತೇಪೆ ಹಾಕಿದ ನಿಮ್ಮ ಡೇರೆ ಹೊತ್ತು ಮಂಜುಗಡ್ಡೆಗೆ ಹೋದೆ. ಮಡಚಿದ್ದು ಮಡಚಿದ ಹಾಗೇ ಮಲಗಿಸಿ, ಗಾಳಿ ಬರುವ ಕಡೆಯ ಗೂಟಗಳನ್ನು ಮೊದಲು ತಿರುಗಿಸಿ ಇಳಿಸಿದೆ. ಆಮೇಲೆ ಕೋಲು ಎತ್ತಿದೆ. ಎತ್ತುವಾಗ ನನ್ನನ್ನೇ ಹೊತ್ತೊಯ್ಯುವ ಹಾಗಿತ್ತು. ಗೋಡೆಯ ನಡುವಿನ ಕುಣಿಕೆಗಳಿಂದ ಹಗ್ಗ ದೂರಕ್ಕೆ ಎಳೆದು ಕಟ್ಟಿದ್ದೇ ತಡ, ಗೋಡೆಗಳು ಬಿಗಿದು ನಿಂತವು. ಗೋಡೆಯ ಬುಡದಲ್ಲಿ ಮಂಜುಗಡ್ಡೆಯ ಮೇಲೆ ಹರಡುವ ಬಟ್ಟೆಯ ಝಾಲರಿಯ ಮೇಲೆ ಒಣ ಹಿಮ ಎಳೆದು ತುಳಿದೆ. ಒದ್ದೆ ಹಿಮ ಹಾಕಿದರೆ ಸಂಜೆಗೆ ಅಂಟಿ ಕಲ್ಲಾಗಿ, ಕೊಡಲಿಯಿಂದ ಕಡಿಯಬೇಕಾಗುತ್ತದೆ. ಬಾಗಿಲನ್ನು ಗಾಳಿಯ ಮರೆಗೆ ಇಟ್ಟೆ. ಒಳಗೆ ಹೋಗಿ ಕೂತು ಬೈರಿಗೆಯಿಂದ ತೂತು ಕೊರೆದು ಗಾಳ ಬಿಟ್ಟೆ.

ಉಲ್ಯಾನಾ ಕಾರ್ಪೊವ್ನಾ, ಆ ಡೇರೆಯ ಒಳಗೆ ಕೂತ ಸುಖವನ್ನು ನಿಮಗೆ ಹೇಗೆ ಹೇಳಲಿ. ಹೊರಗೆ ಗಾಳಿ ಅರಚುತ್ತಿದೆ, ಒಳಗೆ ಗಾಳದ ದಾರ ಅಲುಗಾಡುವುದಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಕಿತ್ತುಕೊಂಡು ಹೊರಟರು. ಒಬ್ಬನ ಡೇರೆ ಕೋಲು ಮುರಿದು ಅವನ ತಲೆಯ ಮೇಲೇ ಕೂತಿತು. ನಾನು ಒಬ್ಬನೇ ಸಂಜೆಯವರೆಗೆ ಪಟ್ಟೆಮೀನು ಹಿಡಿದೆ. ಬಿಚ್ಚುವಾಗ ಗಾಳಿಯ ಕಡೆಯ ಗೂಟ ಕಡೆಗೆ ಬಿಚ್ಚಿದೆ. ಗಾಳಿಯನ್ನು ಇಷ್ಟು ಬಲ್ಲ ಸೂಜಿ ನಮ್ಮ ದಡದಲ್ಲಿ ಇಲ್ಲ.

ಅಲ್ಲೇ ಕೂತು ಯೋಚಿಸಿದ್ದು ಒಂದಿದೆ. ಗಾಳಿ ಒಳಗೆ ನುಗ್ಗಿದ್ದು ಬಾಗಿಲಿನಿಂದ. ಗಾಳಿ ಪಡುವಣದ್ದು. ಅಂದರೆ ಬಾಗಿಲು ಪಡುವಣಕ್ಕಿತ್ತು. ನಮ್ಮ ಸರೋವರದಲ್ಲಿ ಕೆಟ್ಟ ಗಾಳಿ ಬರುವುದೇ ಆ ಕಡೆಯಿಂದ ಎಂದು ಕೂಸಿಗೂ ಗೊತ್ತು. ಈ ಸಲ ಕೆಣಕುವುದಕ್ಕಲ್ಲ, ತಿಳಿಯುವುದಕ್ಕೆ ಕೇಳುತ್ತಿದ್ದೇನೆ. ನಲವತ್ತು ಚಳಿಗಾಲದವರು ಬಾಗಿಲನ್ನು ಆ ಕಡೆಗೆ ಯಾಕೆ ಇಟ್ಟರು?

ನಿಕೋಲಾನನ್ನು ಅಂಚೆಯಲ್ಲಿ ಕಳಿಸುವ ಹಾಗಿಲ್ಲ. ದಾರಿ ಹುಡುಕುತ್ತೇನೆ. ಕೈ ಹೇಗಿದೆ ಅವರದು?

ಪ್ರೋಖರ್


ಲಿಪೊವ್ಕಾ
10 ಮಾರ್ಚ್ 1997

ಪ್ರೋಖರ್ ಅಣ್ಣಾ,

ಹೀಗೆ ಕರೆದರೆ ತಪ್ಪಿಲ್ಲ ತಾನೇ. ಕಾಗದವನ್ನು ಒಲೆಗೆ ಹಾಕಲಿಲ್ಲ, ಒಲೆಯ ಮೇಲೆ ಮಲಗಿದ್ದವರಿಗೆ ಓದಿದೆ.

ಮೊದಲ ಸಾಲಿಗೆ ಬೆನ್ನು ಅಲುಗಲಿಲ್ಲ. ನಿಕೋಲಾ ಇದ್ದಾನೆ ಅಂದಾಗ ಹೊದಿಕೆ ಸರಿಸಿದರು. ರೇಡಿಯೋ ಅಂದದ್ದೇ ತಡ, ತಿರುಗಿ ಕೂತರು.

“ರೇಡಿಯೋ ಪಕ್ಕದಲ್ಲಾ?”

“ಹೂವಿನ ಕುಂಡದ ಪಕ್ಕದಲ್ಲೂ ಹೌದು” ಅಂದೆ.

ನಿಮ್ಮ ಪ್ರಶ್ನೆ ಓದಿದಾಗ ಅವರು ಒಂದು ತಿಂಗಳಲ್ಲಿ ಆಡದಷ್ಟು ಮಾತು ಒಟ್ಟಿಗೇ ಆಡಿದರು. “ಇನ್ನೆಲ್ಲಿಗೆ ಇಡ್ಬೇಕಿತ್ತು ಬಾಗಿಲನ್ನ? ಜೇಬು ಇರೋದು ಬಾಗಿಲ ಎದುರು ಗೋಡೇಲಿ. ನಿಕೋಲಾನ ಮೂಡಣ ಬಿಟ್ಟು ಬೇರೆ ಕಡೆ ಕೂರ್ಸಕ್ಕಾಗುತ್ತಾ? ಅವನನ್ನ ಮೂಡಣಕ್ಕೆ ಕೂರ್ಸಿದ್ರೆ ಬಾಗಿಲು ತಾನೇ ಪಡುವಣಕ್ಕೆ ಬರುತ್ತೆ. ಗಾಳಿ ಬರುತ್ತೆ ಅಂತ ದೇವರನ್ನ ತಿರುಗ್ಸೋದಾ?”

ಅಣ್ಣಾ, ನನ್ನ ತಪ್ಪು ಎಲ್ಲಿದೆ ಅಂತ ಆಗ ಹೊಳೆಯಿತು. ನಾವು ಮೂಡಣಕ್ಕೆ ಮುಖ ಮಾಡಿ ಪ್ರಾರ್ಥಿಸುವವರು, ಪಟ ಇರಬೇಕಾದ್ದು ಮೂಡಣಕ್ಕೇ. ಜೇಬು ಎಲ್ಲಿ ಚಂದ ಕಾಣುತ್ತದೆ ಅಂತಷ್ಟೇ ನೋಡಿ ಗೋಡೆಯ ನಡುವೆ ಇಟ್ಟೆ. ನಾನು ಹೊಲಿದ ಹಾಗೆ ಅವರು ಕಟ್ಟಿದರು. ಗೂಟವನ್ನೂ ಬಿಡಲಿಲ್ಲ, ಗಾಳಿಯನ್ನೂ ಮರೆಯಲಿಲ್ಲ, ನಿಕೋಲಾ ಬಿಟ್ಟು ಹೋಗಲೂ ಇಲ್ಲ. ಜೇಬು ಇದ್ದ ಜಾಗ ಕೆಲಸ ಕೆಡಿಸಿತು. ನಗು ಬಂತು, ಅಳುವೂ ಬಂತು.

“ಹಂಗಾದ್ರೆ ಗಾಳಿ ಮರೆಗೆ ಬಾಗಿಲು ತಿರುಗ್ಸಿದ ಹಂಗೆಲ್ಲ ಜೇಬು ಮೂಡಣದ ಗೋಡೆಗೆ ಹೋಗ್ಬೇಕು” ಅಂದೆ.

“ಆಗದ ಮಾತು” ಅಂದರು. ಮತ್ತೆ ಗೋಡೆಗೆ ತಿರುಗಿದರು.

ಮರುದಿನ ನೆಲ ಒರೆಸುತ್ತಾ ತಲೆಯೆತ್ತಿದರೆ ಎದುರಿಗೆ ನಮ್ಮ ಮನೆಯ ದೇವರ ಮೂಲೆ. ಮನೆಯಲ್ಲಿ ದೇವರು ಯಾವತ್ತೂ ಮೂಲೆಯಲ್ಲೇ ಇರುವುದು, ಗೋಡೆಯ ನಡುವೆ ಅಲ್ಲ. ಡೇರೆಗೆ ನಾಲ್ಕು ಮೂಲೆ. ನಾಲ್ಕಕ್ಕೂ ಒಂದೊಂದು ಜೇಬು ಇಟ್ಟರೆ, ಬಾಗಿಲನ್ನು ಯಾವ ಗಾಳಿಗೆ ಹೇಗೆ ತಿರುಗಿಸಿದರೂ ಒಂದಲ್ಲ ಒಂದು ಮೂಲೆ ಮೂಡಣಕ್ಕೆ ಬರಲೇಬೇಕು. ನಿಕೋಲಾ ಅಲ್ಲಿಗೆ ಹೋಗಿ ಕೂರುತ್ತಾನೆ. ಮೇಲಾಗಿ ಮೂಲೆಯಲ್ಲಿ ಕೋಲು ಇದೆ, ಗಟ್ಟಿ ಜಾಗ. ಇಷ್ಟು ಹೊಳೆಯುವುದಕ್ಕೆ ಅವನು ರಷ್ಯಾಕ್ಕೆ ಹೋಗಬೇಕಾಯಿತು ನೋಡಿ.

ಟಾರ್ಪಾಲು ಕತ್ತರಿಸಲು ಕೂತೆ. ಲವ್ರೆಂತಿ ಮೇಲಿನಿಂದ ನೋಡುತ್ತಾ ಇದ್ದರು. ಆಮೇಲೆ ಇಳಿದು ಬಂದು ಬಟ್ಟೆಯ ಆಚೆ ತುದಿ ಹಿಡಿದುಕೊಂಡರು. “ಮೂಲೆ” ಅಂದರು. “ಹ್ಞೂಂ” ಅಂದೆ. ಅಂಗೈ ಮಾಯ್ದಿದೆ, ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಹೊಸ ಡೇರೆ ಮುಗಿಯುವ ಹೊತ್ತಿಗೆ ಈ ವರ್ಷದ ಮೀನುಗಾರಿಕೆ ಮುಗಿದಿರುತ್ತದೆ.

ಜೋಯಾ ಅವರಿಗೆ ಹೇಳಿ, ರೇಡಿಯೋದಲ್ಲಿ ಹಾಡು ಬರುವಾಗ ಅವನ ಮೇಲೊಂದು ಬಟ್ಟೆ ಹಾಕಲಿ. ಲವ್ರೆಂತಿ ಎರಡು ಸಲ ಹೇಳಿದರು.

ಉಲ್ಯಾನಾ


ಲಿಪೊವ್ಕಾ
29 ಡಿಸೆಂಬರ್ 1997

ಪ್ರೋಖರ್ ಅಣ್ಣಾ,

ಈರುಳ್ಳಿ ಜಡೆ ತಲುಪಿತೇ? ಅಂಚೆಯಲ್ಲಿ ಈರುಳ್ಳಿ ಯಾರು ಕಳಿಸುತ್ತಾರೆ ಎಂದು ಕಚೇರಿಯವರು ಕೇಳಿದರು. ನಾನು ಕಳಿಸುತ್ತೇನೆ ಅಂದೆ.

ಸರೋವರ ಗಟ್ಟಿಯಾಗಿದೆ. ಊರೆಲ್ಲ ಮಂಜುಗಡ್ಡೆಯ ಮೇಲಿದೆ. ಹೊಸ ಡೇರೆ ಬಾಗಿಲ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ನಿಂತಿದೆ, ಲವ್ರೆಂತಿ ದಿನವೂ ಅದನ್ನು ದಾಟಿಕೊಂಡು ಸೌದೆ ತರಲು ಹೋಗುತ್ತಾರೆ. ಒಲೆಯ ಮೇಲೆ ಮಲಗುವುದಿಲ್ಲ, ಅಷ್ಟು ಗೆದ್ದೆ. ಬೈರಿಗೆಯ ಅಲಗು ಮಸೆದರು. ದಡದವರೆಗೆ ಹೋಗಿ ನೋಡಿ ಬರುತ್ತಾರೆ. ಹೋಗಿ ಅಂದರೆ, “ಖಾಲಿ ಜೇಬು ಹೊತ್ಕೊಂಡು ಹೋಗ್ಲಾ?” ಅನ್ನುತ್ತಾರೆ. ಬೇರೆ ಪಟ ಕೊಡುತ್ತೇನೆಂದು ಮಂದಿರದ ಹಿರಿಯರು ಹೇಳಿದರು, ಒಲ್ಲೆ ಅಂದರು. ಈ ಚಳಿಗಾಲವೂ ಹೀಗೇ ಕಳೆದರೆ ಅವರು ಇನ್ನೆಂದೂ ಹೋಗುವುದಿಲ್ಲ, ನನಗೆ ಗೊತ್ತು.

ದಾರಿ ಏನಾದರೂ ಸಿಕ್ಕಿತೇ?

ಉಲ್ಯಾನಾ


ಸೊಸ್ನೊವೆಟ್ಸ್
11 ಜನವರಿ 1998

ಉಲ್ಯಾನಾ ತಂಗೀ,

ದಾರಿ ಸಿಗಲಿಲ್ಲ. ಸುಂಕದ ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿದ್ದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹಳೆ ಹಿತ್ತಾಳೆನಾ? ಯಾವ ಮ್ಯೂಸಿಯಂದು ತಾತಾ?” ಅಂದ. ಹೆಸರು ಕೇಳುವ ಮುಂಚೆ ಅಲ್ಲಿಂದ ಹೊರಟು ಬಂದೆ.

ಆದರೆ ಒಂದು ಮಾಡಬಲ್ಲೆ. ನಿಮ್ಮ ಮಾರ್ಚಿನ ಕಾಗದ ಓದಿದ ಮೇಲೆ ಜೋಯಾ ಇಲ್ಲಿನ ಡೇರೆಯ ಜೇಬು ಬಿಚ್ಚಿ ಮೂಲೆಗೆ ಹೊಲಿದಿದ್ದಾಳೆ. ನಿಮ್ಮಷ್ಟು ಚಂದ ಬಂದಿಲ್ಲವೆಂದು ಎರಡು ಸಲ ಕಿತ್ತು ಹೊಲಿದಳು. ಈಗ ನಿಕೋಲಾ ಕಪಾಟು ಬಿಟ್ಟು ನನ್ನ ಜೊತೆ ಮೀನಿಗೆ ಬರುತ್ತಾನೆ. ಪ್ರತಿ ಶನಿವಾರ ನಾನು ಗಡಿಯ ಹತ್ತಿರ ಕೂರುತ್ತೇನೆ, ಕಾವಲಿನವರು ಬಿಡುವಷ್ಟು ಹತ್ತಿರ. ಗಡಿಗೆಂದು ಮಂಜುಗಡ್ಡೆಯಲ್ಲಿ ಮರದ ಕೊಂಬೆ ನೆಟ್ಟ ಸಾಲಿದೆ. ನಿಮ್ಮೂರಿನ ಗಂಟೆಗೋಪುರಕ್ಕೆ ನೇರ ಬರುವಲ್ಲಿ, ಆ ಸಾಲಿನ ಈಚೆಗೆ ಹಸಿರು ಡೇರೆ.

ಲವ್ರೆಂತಿಯವರಿಗೆ ಇಷ್ಟೇ ಹೇಳಿ. ಮೀನು ಹಿಡಿಯುವುದು ಬೇಡ. ಅವನು ಇದ್ದಾನೋ ಇಲ್ಲವೋ ಎಂದು ದೂರದಿಂದ ನೋಡಿಕೊಂಡು ಹೋಗಲಿ.

ಈರುಳ್ಳಿ ತಲುಪಿತು. ಅದನ್ನು ಹೆಚ್ಚುವಾಗ ಜೋಯಾ ಅತ್ತಳು, ಈರುಳ್ಳಿಯಿಂದ ಅಂದಳು.

ಪ್ರೋಖರ್


ಲಿಪೊವ್ಕಾ
9 ಫೆಬ್ರವರಿ 1998

ಪ್ರೋಖರ್ ಯೆಗೋರಿಚ್ ಅವರಿಗೆ,

ನಾನು ಲವ್ರೆಂತಿ. ಬರೆದು ಅಭ್ಯಾಸವಿಲ್ಲ. ಉಲ್ಯಾನಾ ತಾನು ಬರೆಯುತ್ತೇನೆ ಅಂದಳು. ಹೆಂಡತಿಯ ಕೈಲಿ ಕಾಗದ ಬರೆಸುವವನು ಅಂತ ನೀವು ಒಂದು ಸಲ ಅಂದದ್ದು ನೆನಪಿದೆ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಶನಿವಾರ ಬಂದೆ. ನೋಡಿ ಹೋಗುವುದಕ್ಕೆಂದೇ ಬಂದೆ. ಅವಳು ಹೇಳದೆ ಕೇಳದೆ ಡೇರೆಯನ್ನು ಜಾರುಬಂಡಿಗೆ ಕಟ್ಟಿಬಿಟ್ಟಿದ್ದಳು. ಅಲ್ಲಿಯವರೆಗೆ ಎಳೆದ ಮೇಲೆ ಹಾಗೇ ಮರಳಿ ಎಳೆಯುವುದು ಹೇಗೆ, ಬಿಚ್ಚಿದೆ. ಬೆನ್ನು ಗಾಳಿಗೆ, ಬಾಗಿಲು ಮರೆಗೆ. ಮೂಡಣದ ಮೂಲೆಯ ಜೇಬು ಖಾಲಿ. ಆ ಕಡೆ ನೋಡದೆ ಗಾಳ ಬಿಟ್ಟೆ.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು, ಆ ಶುಕ್ರವಾರದ್ದೇ ಗಾಳಿ. ಅಂಗೈ ಬಿಸಿಯಾಯಿತು. ಎದ್ದು ಓಡಿಬಿಡೋಣ ಅನ್ನಿಸಿತು. ಓಡಲಿಲ್ಲ, ಗೋಡೆ ಮುಟ್ಟಿ ನೋಡಿದೆ. ಗೋಡೆ ಬಿಗಿಯಾಗಿ ನಿಂತಿತ್ತು. ಹೊರಗೆ ನಮ್ಮೂರಿನವರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾ ಡೇರೆ ಬಿಚ್ಚುತ್ತಿದ್ದರು. ನಿಂತದ್ದು ಉಲ್ಯಾನಾ ಹೊಲಿದವು ಮಾತ್ರ. ಬಾವಿಕಟ್ಟೆಯಲ್ಲಿ ನಕ್ಕವರಿಬ್ಬರು ನನ್ನ ಡೇರೆಯ ಮರೆಗೆ ಬಂದು ನಿಂತರು, ಒಳಗೆ ಕರೆದೆ. ಒಬ್ಬ ಹೊಲಿಗೆಯ ಮೇಲೆ ಬೆರಳಾಡಿಸಿ, “ನಂಗೂ ಒಂದು ಹೊಲ್ಕೊಡ್ತಾಳಾ ನಿಮ್ಮಾಕೆ?” ಅಂದ. ಅವಳನ್ನೇ ಕೇಳು ಅಂದೆ. ಅವಳಂಥ ಕೈ ನನ್ನ ಮನೆಯಲ್ಲಿರುವುದು ನನ್ನ ಪುಣ್ಯ. ಅವಳಿಗೆ ಇದನ್ನು ಇನ್ನೂ ಹೇಳಿಲ್ಲ, ನಿಮಗೆ ಬರೆದೆ.

ಅವರು ಹೋದ ಮೇಲೆ ಬಾಗಿಲು ಸರಿಸಿದೆ. ಗಾಳಿ ಒಳಗೆ ಬರಲಿಲ್ಲ. ಕೊಂಬೆಗಳ ಸಾಲಿನ ಆಚೆ ಹಸಿರು ಡೇರೆ ನಿಂತಿತ್ತು. ಸುತ್ತ ಬೇರೆ ಒಂದೂ ಇರಲಿಲ್ಲ. ಅದರ ಬೆನ್ನೂ ಗಾಳಿಗೆ, ನನ್ನದೂ ಗಾಳಿಗೆ. ನೀವು ಹೊರಗೆ ಬಂದು ಕೈ ಎತ್ತಿದಿರಿ. ಇಳಿಯುವ ಬಿಸಿಲಿಗೆ ಕೈಯಲ್ಲಿ ಏನೋ ಹಳದಿಯಾಗಿ ಹೊಳೆಯಿತು.

ಅವನು ನನ್ನ ಬಿಟ್ಟು ಹೋದ ಅಂದುಕೊಂಡಿದ್ದೆ. ಅವನು ಹೋದದ್ದು ಮೂಡಣಕ್ಕೆ. ಹುಟ್ಟಿದಾಗಿನಿಂದ ನಾನು ದಿನವೂ ತಿರುಗಿ ನಿಲ್ಲುವುದು ಆ ಕಡೆಗೇ. ಎದ್ದು ನಿಂತು ಬಾಗಿಲಿನಿಂದಲೇ ಶಿಲುಬೆಯ ಗುರುತು ಹಾಕಿಕೊಂಡೆ. ಅಳು ಬಂತು, ಬರಲಿ ಅಂತ ಬಿಟ್ಟೆ. ಸಂಜೆಯವರೆಗೆ ಮೀನು ಹಿಡಿದೆ. ನಿನ್ನೆ ಮಂದಿರಕ್ಕೂ ಹೋಗಿದ್ದೆ.

ಇನ್ನು ದಾರಿ ಹುಡುಕಬೇಡಿ. ಅವನು ಅಲ್ಲೇ ಇರಲಿ, ನಿಮ್ಮ ಡೇರೆಯ ಮೂಲೆಯಲ್ಲಿ. ನನ್ನ ಜೇಬು ಖಾಲಿ ಇದ್ದರೂ ಪರವಾಗಿಲ್ಲ, ಬಾಗಿಲು ತೆರೆದರೆ ಕಾಣುತ್ತಾನೆ. ಗಡಿ ದಾಟುವ ಅಪ್ಪಣೆ ಎಂದಾದರೂ ಸಿಕ್ಕರೆ ನೀವಿಬ್ಬರೂ ಬನ್ನಿ. ಬೇರೆ ಬಟ್ಟಲು ತೆಗೆದಿಡಲೇ ಎಂದು ಉಲ್ಯಾನಾ ಕೇಳಿದಳು. ನಮ್ಮ ಬಟ್ಟಲೇ ಸಾಕು ಅಂದೆ.

ಒಂದು ಮಾತು. ಗಾಳಿಯ ಕಡೆಯ ನಡುಗೋಡೆಯ ಹಗ್ಗ ಸಡಿಲವಿತ್ತು, ಗೋಡೆ ಬಡಿದುಕೊಳ್ಳುವುದು ಇಲ್ಲಿಗೂ ಕಂಡಿತು. ಬಿಗಿ ಮಾಡಿಕೊಳ್ಳಿ. ಒಳಗೆ ನಿಕೋಲಾ ಇದ್ದಾನೆ.

ಲವ್ರೆಂತಿ